ಸಹಿ ಸೈಟಿನಲ್ಲಿ, ಸಂಬಳ ಏಜೆನ್ಸಿಯಲ್ಲಿ

ಬೆಂಗಳೂರಿನ ದೊಡ್ಡ ಕಟ್ಟಡಗಳ ಸ್ಲ್ಯಾಬ್‌ಗೆ ಕಾಂಕ್ರೀಟ್ ಬೀಳುವುದು ಹೆಚ್ಚಾಗಿ ರಾತ್ರಿ ಹೊತ್ತು. ಸೈಟ್ ಎಂಜಿನಿಯರ್ ಸಂಜೆಯೇ ಕಂಬಿಗಳ ಅಂತರ, ಕವರ್ ಬ್ಲಾಕ್, ಸೆಂಟ್ರಿಂಗ್‌ನ ಆಸರೆ ಎಲ್ಲ ನೋಡಿ, ಕಾಂಕ್ರೀಟ್ ಹಾಕಲು ಒಪ್ಪಿಗೆ ಕೊಡುವ ಪೋರ್ ಕಾರ್ಡ್‌ಗೆ ಸಹಿ ಹಾಕುತ್ತಾರೆ. ಮಿಕ್ಸರ್ ಲಾರಿ ಬಂದ ಮೇಲೆ ಕಾಂಕ್ರೀಟಿನ ಹದ ತಿಳಿಯಲು ಸ್ಲಂಪ್ ಅಳೆಯಬೇಕು, ಪರೀಕ್ಷೆಗೆಂದು 150 ಮಿ.ಮೀ. ಕ್ಯೂಬ್‌ಗಳನ್ನು ತುಂಬಿಸಬೇಕು. ಕೊನೆಯ ಲಾರಿ ಹೋಗುವಾಗ ಬೆಳಕು ಹರಿದಿರುತ್ತದೆ. ಒಂಬತ್ತಕ್ಕೆ ಮತ್ತೆ ಹಾಜರಾತಿ. ಇಷ್ಟೆಲ್ಲ ಮಾಡುವವರು ಎಷ್ಟೋ ಕಡೆ ಬಿಲ್ಡರ್‌ನ ನೌಕರರಲ್ಲ, ಗುತ್ತಿಗೆ ಕಂಪನಿಯ ನೌಕರರೂ ಅಲ್ಲ. ಅವರಿಗೆ ಸಂಬಳ ಕೊಡುವುದು ಮ್ಯಾನ್‌ಪವರ್ ಏಜೆನ್ಸಿ.

ಏಜೆನ್ಸಿ ಪದ್ಧತಿಯನ್ನೇ ತಪ್ಪೆನ್ನಲಾರೆ. ಕಾಮಗಾರಿ ಎಂದಾದರೂ ಮುಗಿಯುವಂಥದ್ದು. ಜಿಲ್ಲೆಯ ಪಾಲಿಟೆಕ್ನಿಕ್‌ನಲ್ಲಿ ಡಿಪ್ಲೊಮಾ ಮಾಡಿದವರಿಗೆ ದೊಡ್ಡ ಕಂಪನಿಯ ಗೇಟು ತೆರೆಯುವುದು ಹಲವು ಸಲ ಇದೇ ದಾರಿಯಿಂದ. ನನ್ನ ತಕರಾರು ಬೇರೆ. ಕೆಲಸ ನಿಲ್ಲಿಸುವ ಧೈರ್ಯ ಬೇಕಾದ ಜಾಗದಲ್ಲಿ, ಒಂದು ಫೋನ್ ಕರೆಗೆ ಜಾಗ ಖಾಲಿ ಮಾಡಬೇಕಾದವರನ್ನು ನಿಲ್ಲಿಸಿದ್ದೇವೆ. ‘ಆಸರೆ ಸಾಲದು, ಇವತ್ತು ಕಾಂಕ್ರೀಟ್ ಬೇಡ’ ಎಂದರೆ ಲಾರಿಗಳು ವಾಪಸಾಗುತ್ತವೆ, ಮ್ಯಾನೇಜರ್ ಸಿಟ್ಟಾಗುತ್ತಾರೆ, ‘ಬೇರೆಯವರನ್ನು ಕಳಿಸಿ’ ಎಂದು ಏಜೆನ್ಸಿಗೆ ಹೇಳಿಬಿಟ್ಟರೆ ಮುಗಿಯಿತು. ಅದನ್ನು ವಜಾ ಎಂದು ಯಾರೂ ಬರೆದಿಡುವುದಿಲ್ಲ.

ಅನಾಹುತವಾದರೆ ಹೊಣೆ ಮಾತ್ರ ಏಜೆನ್ಸಿಯ ವಿಳಾಸ ಹುಡುಕಿಕೊಂಡು ಹೋಗುವುದಿಲ್ಲ. 2023ರ ಜನವರಿ 10ರಂದು ನಾಗವಾರದ ಬಳಿ ಮೆಟ್ರೊ ಕಂಬಕ್ಕೆಂದು ಕಟ್ಟಿದ್ದ ಕಂಬಿಗಳ ಪಂಜರ ರಸ್ತೆಗೆ ಉರುಳಿ ತಾಯಿ, ಮಗು ತೀರಿಕೊಂಡರು. ಎಫ್‌ಐಆರ್‌ನಲ್ಲಿ ಗುತ್ತಿಗೆ ಕಂಪನಿಯ ಜೊತೆಗೆ ಎಂಜಿನಿಯರ್‌ಗಳೂ ಆರೋಪಿಗಳಾದರು. ಎಂಜಿನಿಯರ್ ಹೊಣೆ ಹೊರಬೇಕು, ಅದರಲ್ಲಿ ಎರಡು ಮಾತಿಲ್ಲ. ಹೊಣೆಯಷ್ಟೇ ತೂಕದ ರಕ್ಷಣೆ ಎಲ್ಲಿದೆ?

ಕಾನೂನಿನಲ್ಲಿ ಹುಡುಕಿದರೆ ಸಿಗುವುದು ಅರೆಬರೆ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆ ತಿಂಗಳ ಸಂಬಳ 500 ರೂಪಾಯಿ ದಾಟಿದ ಮೇಲ್ವಿಚಾರಕರನ್ನು ಹೊರಗಿಟ್ಟಿತು. 1996ರ ಕಟ್ಟಡ ಕಾರ್ಮಿಕರ ಕಾಯ್ದೆಯಲ್ಲಿ ಆ ಗೆರೆ 1,600 ರೂಪಾಯಿಗೆ ಬಂತು. 2025ರ ನವೆಂಬರ್ 21ರಂದು ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ಅದು 18,000. ನೇಮಕಾತಿ ಪತ್ರ ಕಡ್ಡಾಯವಾಗಿದ್ದು, ತಿಂಗಳ ಸಂಬಳ ಮುಂದಿನ ತಿಂಗಳ 7ರೊಳಗೆ ಕೈಸೇರಬೇಕೆಂಬ ನಿಯಮ ಎಲ್ಲ ನೌಕರರಿಗೂ ಅನ್ವಯಿಸಿದ್ದು ನಿಜವಾದ ಲಾಭಗಳೇ. ಆದರೆ ಗೆರೆ ದಾಟಿದ ಮೇಲ್ವಿಚಾರಕರಿಗೆ ದಿನಕ್ಕೆ 8 ಗಂಟೆಯ ಮಿತಿಯಿಲ್ಲ. ಏಜೆನ್ಸಿ ಕೈಯೆತ್ತಿದರೆ ಮೂಲ ಮಾಲೀಕರೇ ಸಂಬಳ ಕೊಡಬೇಕೆಂಬ ನಿಯಮವಿದೆ. ಅದು ಗುತ್ತಿಗೆ ಕಾರ್ಮಿಕರಿಗೆ ಮಾತ್ರ. ಇನ್ನೊಂದೆಡೆ, ತಾಂತ್ರಿಕ ಕೆಲಸ ಮಾಡುವವರು ಕಾರ್ಮಿಕರೆಂಬ ವ್ಯಾಖ್ಯೆಯೊಳಗೇ ಬರುತ್ತಾರೆ. ಕಂಬಿಯ ಅಂತರ ಅಳೆಯುವುದು ತಾಂತ್ರಿಕ ಕೆಲಸವೋ, ಮೇಲ್ವಿಚಾರಣೆಯೋ? ಇದನ್ನು ಇತ್ಯರ್ಥ ಮಾಡಿಕೊಳ್ಳಲು ಆ ಎಂಜಿನಿಯರ್ ಕೋರ್ಟಿನ ಮೆಟ್ಟಿಲೇರಬೇಕು. ತಿಂಗಳ ಸಂಬಳದಲ್ಲಿ ಪಿ.ಜಿ. ಬಾಡಿಗೆ ಕಟ್ಟುವವರಿಂದ ಅದು ಆಗುವ ಮಾತಲ್ಲ.

ಸಂಸತ್ತು ಆ ಗೆರೆಯನ್ನೇ ಅಳಿಸಬೇಕು. ಅಲ್ಲಿಯವರೆಗೆ ಕೆಲಸ ಕೊಡುವವರು ಕೈಕಟ್ಟಿ ಕೂರಬೇಕಿಲ್ಲ. ರಾತ್ರಿಯಿಡೀ ಕಾಂಕ್ರೀಟ್ ಹಾಕಿಸಿದವರಿಗೆ ಮರುದಿನ ಸಂಬಳಸಹಿತ ರಜೆ ಕೊಡಬಹುದು. ಸುರಕ್ಷತೆಯ ಕಾರಣಕ್ಕೆ ಕೆಲಸ ನಿಲ್ಲಿಸಿದ ಎಂಜಿನಿಯರನ್ನು ಲಿಖಿತ ಕಾರಣ, ವಿಚಾರಣೆ ಇಲ್ಲದೆ ಬದಲಿಸುವಂತಿಲ್ಲ ಎಂದು ಏಜೆನ್ಸಿ ಜೊತೆಗಿನ ಒಪ್ಪಂದದಲ್ಲೇ ಬರೆಯಬಹುದು. ಸರ್ಕಾರಿ ಕಾಮಗಾರಿಗಳ ಟೆಂಡರ್‌ಗೆ ಇವೆರಡು ಷರತ್ತು ಸೇರಿಸಲು ಲೋಕೋಪಯೋಗಿ ಇಲಾಖೆ ಯಾವ ಹೊಸ ಕಾಯ್ದೆಗೂ ಕಾಯಬೇಕಾಗಿಲ್ಲ.