ಅವ್ವನ ಹೆಸರು ಯಾವ ಪುಟದಲ್ಲಿದೆ?

ಹೋದ ಭಾನುವಾರ ಮಹಾಲಕ್ಷ್ಮಿ ಲೇಔಟ್‌ನ ನಮ್ಮ ಬಾಡಿಗೆ ಮನೆಯಲ್ಲಿ ಕೂತು ನಾನು ಮಾಡಿದ್ದು ಒಂದೇ ಕೆಲಸ. ನಾಗಮಂಗಲ ತಾಲೂಕಿನ ನಮ್ಮೂರಿನ 2002ರ ಮತದಾರರ ಪಟ್ಟಿ ಡೌನ್‌ಲೋಡ್ ಮಾಡಿ, ಒಂದೊಂದೇ ಪುಟ ಜೂಮ್ ಮಾಡಿ ಅವ್ವನ ಹೆಸರು ಹುಡುಕಿದ್ದು. ಅವ್ವ ಪಕ್ಕದಲ್ಲೇ ಅವರೆಕಾಯಿ ಸುಲೀತಿದ್ಲು.

"ಏನ್ಲಾ ಹುಡುಕ್ತಿದ್ದೀಯ ಬೆಳಿಗ್ಗೆಯಿಂದ?"

"ನಿನ್ನ ಹೆಸರು ಕಣವ್ವ."

"ನಾನಿಲ್ಲೇ ಕೂತಿವ್ನಲ್ಲ!"

ಅವಳ ಮಾತು ತಮಾಷೆಯಾಗಿ ಕೇಳಿದರೂ ಇಡೀ ವಿಷಯ ಇರೋದು ಅಲ್ಲೇ.

ಹಿನ್ನೆಲೆ ನಿಮಗೆ ಗೊತ್ತಿರುತ್ತೆ. 2025ರ ಜೂನ್ 24ರಂದು ಚುನಾವಣಾ ಆಯೋಗ ಬಿಹಾರದಲ್ಲಿ 'ವಿಶೇಷ ತೀವ್ರ ಪರಿಷ್ಕರಣೆ'ಗೆ ಆದೇಶ ಹೊರಡಿಸಿತು. ಎಲ್ಲರೂ ಬಾಯಲ್ಲಿ ಕರೆಯೋದು ಎಸ್‌ಐಆರ್ ಅಂತ. ಅಕ್ಟೋಬರ್‌ನಲ್ಲಿ ಕೇರಳ, ತಮಿಳುನಾಡು, ಗೋವಾ ಸೇರಿ ಇನ್ನೂ 12 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳಿಗೆ ಅದು ಹಬ್ಬಿತು. ಹಳೆಯ ತೀವ್ರ ಪರಿಷ್ಕರಣೆಯ ಪಟ್ಟಿಯಲ್ಲಿ ನಿಮ್ಮ ಹೆಸರು ಇದ್ದರೆ ಸರಿ. ಇಲ್ಲದಿದ್ದರೆ ನೀವು ಈ ದೇಶದವರು ಅನ್ನೋದನ್ನ ಕಾಗದದಲ್ಲಿ ತೋರಿಸಬೇಕು. ಬಿಹಾರಕ್ಕೆ ಆ ಹಳೆ ಪಟ್ಟಿ 2003ರದ್ದು, ಕರ್ನಾಟಕಕ್ಕೆ 2002ರದ್ದು.

ಕೋಡ್ ರಿವ್ಯೂ ಮಾಡಿ ಹೊಟ್ಟೆ ಹೊರೆಯೋನು ನಾನು. ಹಾಗಾಗಿ ಈ ಆದೇಶವನ್ನೂ ಒಂದು ಸ್ಪೆಕ್ ಥರ ಕೂತು ಓದಿದೆ. ನನ್ನ ರಿವ್ಯೂ ಕಾಮೆಂಟ್‌ಗಳು ಇವು.

ಮೊದಲನೆಯದು ಹುಟ್ಟಿದ ದಿನಾಂಕದ ಲೆಕ್ಕ. 1987ರ ಜುಲೈ 1ಕ್ಕಿಂತ ಮೊದಲು ಇಲ್ಲಿ ಹುಟ್ಟಿದವರಿಗೆ ತಮ್ಮದೊಂದು ದಾಖಲೆ ಸಾಕು. ಅಲ್ಲಿಂದ 2004ರ ಡಿಸೆಂಬರ್ 2ರವರೆಗೆ ಹುಟ್ಟಿದವರು ತಮ್ಮದರ ಜೊತೆಗೆ ಅಪ್ಪ ಅಥವಾ ಅಮ್ಮ, ಒಬ್ಬರದ್ದಾದರೂ ಕೊಡಬೇಕು. ಆಮೇಲೆ ಹುಟ್ಟಿದವರಿಗೆ ಇಬ್ಬರದ್ದೂ ಬೇಕು. ಈ ಗೆರೆಗಳು ಆಯೋಗದ್ದಲ್ಲ, ಪೌರತ್ವ ಕಾಯ್ದೆಯ 3ನೇ ಸೆಕ್ಷನ್‌ನಿಂದ ಬಂದವು. ನಾನು ಹುಟ್ಟಿದ್ದು 1989ರಲ್ಲಿ. 2002ರಲ್ಲಿ ನಾನಿನ್ನೂ ಮಿಡ್ಲ್ ಸ್ಕೂಲ್ ಹುಡುಗ, ಆ ಪಟ್ಟಿಯಲ್ಲಿ ಇರೋಕೆ ಸಾಧ್ಯವೇ ಇಲ್ಲ. ಅಂದರೆ ಬಿಇ ಓದಿ, ಪಾಸ್‌ಪೋರ್ಟ್ ಇಟ್ಟುಕೊಂಡು, ವರ್ಷ ವರ್ಷ ಟ್ಯಾಕ್ಸ್ ಕಟ್ಟುವ ನನ್ನ ಮತದಾನದ ಹಕ್ಕು, ಸಹಿ ಮಾಡೋಕೂ ಬಾರದ ಅವ್ವನ ಹೆಸರಿಗೋ ತೀರಿಹೋದ ಅಪ್ಪನ ಹೆಸರಿಗೋ ಜೋತುಬಿದ್ದಿದೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅವ್ವ ನನ್ನ ಫಾರಿನ್ ಕೀ!

ಎರಡನೆಯದು ದಾಖಲೆಗಳ ಪಟ್ಟಿ. ಬಿಹಾರದಲ್ಲಿ ಮೊದಲು ಒಪ್ಪಿದ್ದು 11 ದಾಖಲೆ. ಸರ್ಕಾರಿ ನೌಕರರ ಗುರುತಿನ ಚೀಟಿ ಅಥವಾ ಪೆನ್ಷನ್ ಆದೇಶ, 1987ಕ್ಕೂ ಹಿಂದೆ ಬ್ಯಾಂಕೋ ಪೋಸ್ಟಾಫೀಸೋ ಎಲ್‌ಐಸಿಯೋ ಕೊಟ್ಟ ಕಾಗದ, ಜನನ ಪ್ರಮಾಣಪತ್ರ, ಪಾಸ್‌ಪೋರ್ಟ್, ಹತ್ತನೇ ಕ್ಲಾಸಿನ ಸರ್ಟಿಫಿಕೇಟ್, ಜಾತಿ ಪ್ರಮಾಣಪತ್ರ, ಖಾಯಂ ನಿವಾಸಿ ಪತ್ರ, ಅರಣ್ಯ ಹಕ್ಕು ಪತ್ರ, ಸರ್ಕಾರ ಕೊಟ್ಟ ಸೈಟು-ಜಮೀನಿನ ಪತ್ರ, ಹೀಗೆ. ಪ್ರತಿ ಮನೆಯಲ್ಲೂ ಇರುವ ಆಧಾರ್, ರೇಷನ್ ಕಾರ್ಡ್, ಕೊನೆಗೆ ಆಯೋಗವೇ ಕೊಟ್ಟ ವೋಟರ್ ಐಡಿ, ಇವು ಮೂರೂ ಆ ಪಟ್ಟಿಯಲ್ಲಿ ಇರಲಿಲ್ಲ. ಸುಪ್ರೀಂ ಕೋರ್ಟ್ ಸೆಪ್ಟೆಂಬರ್ 8ರಂದು ಹೇಳಿದ ಮೇಲೆ ಆಧಾರ್ 12ನೆಯದಾಗಿ ಸೇರಿತು, ಅದೂ ಗುರುತಿಗೆ ಮಾತ್ರ.

ಆಧಾರ್ ಪೌರತ್ವದ ಪುರಾವೆ ಅಲ್ಲ ಅನ್ನೋದು ನಿಜ. ಆಧಾರ್ ಕಾಯ್ದೆಯ 9ನೇ ಸೆಕ್ಷನ್ನೇ ಹಾಗಂತ ಹೇಳುತ್ತೆ. ಸರಿ, ಆದರೆ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್ ಪುರಾವೆಯಾ? ಅದು ನನಗೆ ಗಣಿತದಲ್ಲಿ ಎಷ್ಟು ಬಂತು ಅಂತ ಹೇಳುತ್ತೆ, ಪೌರತ್ವದ ಬಗ್ಗೆ ಒಂದಕ್ಷರ ಹೇಳಲ್ಲ. ಈ ಪಟ್ಟಿಯಲ್ಲಿರುವ ಬಹುಪಾಲು ಕಾಗದಗಳ ಕಥೆ ಇದೇ. ಅವು ಅಳೆಯೋದು ಬೇರೆ ಏನನ್ನೋ: ಓದಿದ್ದೀಯಾ, ಸರ್ಕಾರಿ ಕೆಲಸ ಇದೆಯಾ, ಆಫೀಸುಗಳ ಬಾಗಿಲು ತಟ್ಟೋಕೆ ಬರುತ್ತಾ?

ನಮ್ಮವ್ವ ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿ ಕೈಲಿ. ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಸ್ಕೂಲಿನ ಮುಖ ನೋಡಿಲ್ಲ. ಆಧಾರ್‌ನಲ್ಲಿ ಅವಳ ಹುಟ್ಟಿದ ದಿನ ಜನವರಿ 1. ನಮ್ಮೂರಿನ ಅರ್ಧ ಹೆಂಗಸರು ಆವತ್ತೇ ಹುಟ್ಟಿದವರು! ರೇಷನ್ ಕಾರ್ಡಿನಲ್ಲಿ ಹೆಸರು ಒಂದು ಥರ, ಆಧಾರ್‌ನಲ್ಲಿ ಇನ್ನೊಂದು ಥರ, ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮತ್ತೊಂದು ಥರ. ಕಾನೂನಿನ ಪ್ರಕಾರ ನಮ್ಮ ಮನೆಯಲ್ಲಿ ಅತ್ಯಂತ ಸರಳವಾದ ಪೌರತ್ವ ಅವಳದ್ದೇ, ಇಲ್ಲಿ ಹುಟ್ಟಿದ್ದಾಳೆ ಅಂದರೆ ಮುಗೀತು. ಕಾಗದದ ಪ್ರಕಾರ ಅತ್ಯಂತ ದುರ್ಬಲವಾದದ್ದೂ ಅವಳದ್ದೇ. ಜನನ ಪ್ರಮಾಣಪತ್ರವೊಂದೇ ಸಾಕು ಅನ್ನುವ ತಿದ್ದುಪಡಿ ಅನ್ವಯಿಸೋದು 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ. ಅವಳ ಮೊಮ್ಮಕ್ಕಳ ಕಾಲಕ್ಕೆ ವ್ಯವಸ್ಥೆ ಸರಿ ಹೋಗ್ತಿದೆ, ಅವಳ ಕಾಲದ ಲೆಕ್ಕವನ್ನ ಅವಳೇ ತುಂಬಬೇಕು.

ಮೂರನೆಯದು, ನನಗೆ ಮುಖ್ಯ ಅನ್ನಿಸಿದ್ದು. ಇದು ಫಿಕ್ಸ್ ಮಾಡ್ತಿರೋದು ಯಾವ ಬಗ್?

ಬಿಹಾರದಲ್ಲಿ 7.89 ಕೋಟಿ ಮತದಾರರಿದ್ದರು. ಆಗಸ್ಟ್ 1ರ ಕರಡಿನಲ್ಲಿ ಸುಮಾರು 65 ಲಕ್ಷ ಹೆಸರು ಹೋದವು. ಆಯೋಗವೇ ಕೊಟ್ಟ ಕಾರಣ ನೋಡಿ: ತೀರಿಹೋದವರು 22 ಲಕ್ಷ, ಊರು ಬಿಟ್ಟವರು ಅಥವಾ ಸಿಗದವರು 36 ಲಕ್ಷ, ಎರಡೆರಡು ಕಡೆ ಇದ್ದವರು 7 ಲಕ್ಷ. 'ಪರದೇಶದವರು' ಅನ್ನೋ ಸಾಲೇ ಅದರಲ್ಲಿ ಇಲ್ಲ. ಪಟ್ಟಿಯಲ್ಲಿ ಕಸ ಇತ್ತು, ಒಪ್ಪೋಣ. ಆದರೆ ಆ ಕಸ ಸಿಕ್ಕಿದ್ದು ಮನೆ ಬಾಗಿಲಿಗೆ ಹೋಗಿ ಕೇಳಿದ್ದರಿಂದ, ಪೌರತ್ವದ ಕಾಗದ ಕೇಳಿದ್ದರಿಂದ ಅಲ್ಲ.

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ. ಬೆಂಗಳೂರಿಗೆ ಬಂದು ಇಲ್ಲಿ ಹೆಸರು ಸೇರಿಸಿದ ಮೇಲೂ ನನ್ನ ಹೆಸರು ಊರಿನ ಪಟ್ಟಿಯಲ್ಲೇ ಇತ್ತು. ವರ್ಷಗಟ್ಟಲೆ. ತೆಗೆಸಬೇಕು ಅಂತ ನನಗೆ ಗೊತ್ತಿತ್ತು, ಸೋಮಾರಿತನ. ಎರಡು ಕಡೆ ಇರೋದು 1950ರ ಪ್ರಜಾಪ್ರತಿನಿಧಿ ಕಾಯ್ದೆಗೆ ವಿರುದ್ಧ. ಈಗ ನನ್ನ ಪಾಸ್‌ಪೋರ್ಟ್ ಕೇಳಿದ್ದರೆ ಏನಾಗ್ತಿತ್ತು? ಎರಡು ಊರಲ್ಲೂ ಪಾಸ್! ಪಟ್ಟಿ ಕೆಡಿಸಿದವನು ನಾನು, ಕಾಗದ ಇಲ್ಲದೆ ಸಿಕ್ಕಿಬೀಳೋಳು ಅವ್ವ.

ತಪ್ಪಾಗಿ ಸೇರಿಸೋದು ಹೇಗೋ ತಪ್ಪಾಗಿ ತೆಗೆಯೋದೂ ಹಾಗೇ. ನಮ್ಮದೇ ಕಲಬುರಗಿ ಜಿಲ್ಲೆಯ ಆಳಂದದಲ್ಲಿ 2023ರ ವಿಧಾನಸಭಾ ಚುನಾವಣೆಗೆ ಮುಂಚೆ ಹೆಸರು ತೆಗೆಯಿರಿ ಅಂತ ಆನ್‌ಲೈನ್‌ನಲ್ಲಿ 6,018 ಅರ್ಜಿ ಬಂದಿದ್ದವು. ಅಧಿಕಾರಿಗಳು ಹೋಗಿ ವಿಚಾರಿಸಿದಾಗ ಸರಿ ಇದ್ದದ್ದು 24. ಆ ಸಾವಿರಾರು ಹೆಸರು ಉಳಿದದ್ದು ಯಾರೋ ಖುದ್ದಾಗಿ ಹೋಗಿ ನೋಡಿದ್ದರಿಂದ.

ಇನ್ನೊಂದು ಕಡೆಯವರ ವಾದ ಸುಳ್ಳಲ್ಲ. ಸಂವಿಧಾನದ 326ನೇ ವಿಧಿ ಮತ ಕೊಡೋದು ನಾಗರಿಕರಿಗೆ ಮಾತ್ರ. ಆಫೀಸಿನ ಗೆಳೆಯರು ಕೇಳ್ತಾರೆ, "ಅಮೆರಿಕದಲ್ಲಿ ಡ್ರೈವಿಂಗ್ ಲೈಸೆನ್ಸ್‌ಗೂ ಕೇಳ್ತಾರಲ್ಲ ಗುರು, ಇಲ್ಲಿ ಕೇಳಿದ್ರೆ ಏನು?" ಅಂತ. ಅರ್ಧ ಸರಿ. ಅಲ್ಲಿ 2005ರ ರಿಯಲ್ ಐಡಿ ಕಾಯ್ದೆಯ ಪ್ರಕಾರ ಆ ಥರದ ಲೈಸೆನ್ಸ್ ಬೇಕಾದರೆ ಕಾನೂನುಬದ್ಧವಾಗಿ ಇದ್ದೀರಿ ಅಂತ ತೋರಿಸಬೇಕು. ಆದರೆ ಎಚ್1ಬಿ ವೀಸಾದಲ್ಲಿರುವ ನಮ್ಮ ಹುಡುಗರಿಗೂ ಅದು ಸಿಗುತ್ತೆ, ಅದು ಪೌರತ್ವದ ಪುರಾವೆ ಅಲ್ಲ. ನಮ್ಮಲ್ಲಂತೂ ಮೋಟಾರು ವಾಹನ ಕಾಯ್ದೆ ಕೇಳೋದು ವಯಸ್ಸು, ವಿಳಾಸ, ಓಡಿಸೋಕೆ ಬರುತ್ತಾ ಇಲ್ವಾ ಅಂತ. ಲೈಸೆನ್ಸ್ ಇರೋದು ರಸ್ತೆಯಲ್ಲಿ ನಾಲ್ಕು ಜನರ ಜೀವ ಉಳೀಲಿ ಅಂತ. ಒಂದು ಕಾರ್ಡಿಗೆ ಒಂದೇ ಕೆಲಸ ಇರಲಿ.

ಮತಕ್ಕೇ ಪುರಾವೆ ಕೇಳಿದರೆ ಏನಾಗುತ್ತೆ ಅನ್ನೋದೂ ಅಮೆರಿಕದಲ್ಲೇ ಗೊತ್ತಾಗಿದೆ. ಕ್ಯಾನ್ಸಸ್ ರಾಜ್ಯ 2013ರಿಂದ ಮತದಾರರ ನೋಂದಣಿಗೆ ಪೌರತ್ವದ ದಾಖಲೆ ಕಡ್ಡಾಯ ಮಾಡಿತು. ಮೂರೇ ವರ್ಷದಲ್ಲಿ 31,000ಕ್ಕೂ ಹೆಚ್ಚು ಅರ್ಜಿ ಸಿಕ್ಕಿಹಾಕಿಕೊಂಡವು. 2018ರಲ್ಲಿ ಕೋರ್ಟ್ ಆ ನಿಯಮ ರದ್ದು ಮಾಡುವಾಗ ಕಂಡ ಲೆಕ್ಕ: ನಾಗರಿಕರಲ್ಲದೆ ಹೆಸರು ಸೇರಿಸಿಕೊಂಡವರು 19 ವರ್ಷಗಳಲ್ಲಿ ಹೆಚ್ಚೆಂದರೆ 39 ಮಂದಿ. ನನ್ನ ಟೀಮ್‌ನಲ್ಲಿ ಯಾರಾದರೂ 39 ಸ್ಪ್ಯಾಮ್ ತಡೆಯೋಕೆ 31,000 ನಿಜವಾದ ಮೇಲ್ ನಿಲ್ಲಿಸಿದ್ದರೆ ಆ ರಿಲೀಸ್ ಅದೇ ರಾತ್ರಿ ವಾಪಸ್ ಹೋಗ್ತಿತ್ತು.

ಆಯೋಗ ಏನೂ ಕಲಿತಿಲ್ಲ ಅನ್ನೋದೂ ತಪ್ಪು. ಬಿಹಾರದ ಮುಂದಿನ ಸುತ್ತಿನಲ್ಲಿ ಫಾರಂ ತುಂಬುವಾಗ ದಾಖಲೆ ಕೊಡಬೇಕಿಲ್ಲ, ಹಳೆ ಪಟ್ಟಿಗೆ ಕೊಂಡಿ ಸಿಗದವರಿಗೆ ಮಾತ್ರ ನೋಟಿಸ್ ಅಂತಾಯಿತು. ದೇಶದ ಯಾವ ರಾಜ್ಯದ ಹಳೆ ಪಟ್ಟಿಯಾದರೂ ನಡೆಯುತ್ತೆ. ಒಳ್ಳೆಯ ಪ್ಯಾಚ್. ಆದರೂ ಕೊಂಡಿ ಕಳಚೋದು ಯಾರದ್ದು ಯೋಚಿಸಿ. ಮದುವೆಯಾಗಿ ಊರು, ಹೆಸರು ಎರಡೂ ಬದಲಾದ ಹೆಂಗಸರದ್ದು. ಪುತ್ತೂರು, ಬಂಟ್ವಾಳದ ಕಡೆಯಿಂದ ಕಾಸರಗೋಡಿಗೆ ಮದುವೆಯಾಗಿ ಹೋದ ಹೆಣ್ಣುಮಗಳು ಗಂಡನ ಮನೆಯಲ್ಲಿ ಕೂತು ಕರ್ನಾಟಕದ 2002ರ ಪಟ್ಟಿಯಲ್ಲಿ ತವರಿನ ಮತಗಟ್ಟೆ ಹುಡುಕಬೇಕು. ಗುಳೆ ಹೋದವರದ್ದು, ವರ್ಷಕ್ಕೊಂದು ಬಾಡಿಗೆ ಮನೆ ಬದಲಿಸುವವರದ್ದೂ ಇದೇ ಪಾಡು.

ನಾನು ಕೇಳೋದು ಇಷ್ಟೇ. ಪಟ್ಟಿ ತೊಳೀರಿ, ಆದರೆ ಸಂಶಯ ಇದ್ದರೆ ತೋರಿಸುವ ಹೊರೆ ಸಂಶಯ ಪಟ್ಟವರ ಮೇಲಿರಲಿ. ಆಗಲೇ ಪಟ್ಟಿಯಲ್ಲಿದ್ದು ಹತ್ತಾರು ಸಲ ಓಟು ಹಾಕಿದವರ ಮೇಲೆ ಬೇಡ. ಹೊಸದಾಗಿ ಸೇರುವವರು ಫಾರಂ 6ರಲ್ಲಿ 'ನಾನು ಭಾರತದ ಪ್ರಜೆ' ಅಂತ ಘೋಷಣೆ ಕೊಟ್ಟು ಸಹಿ ಹಾಕ್ತಾರೆ, ಸುಳ್ಳಾದರೆ ಒಂದು ವರ್ಷದವರೆಗೆ ಜೈಲು ಅಂತ ಕಾನೂನಿದೆ. ಅದನ್ನ ಬಳಸಿ. ಜೊತೆಗೆ ಅಂಗನವಾಡಿ ಕಾರ್ಯಕರ್ತೆಗೋ ಮೇಷ್ಟ್ರಿಗೋ ಬಿಎಲ್‌ಓ ಕೆಲಸ ಹೊರಿಸುವಾಗ ಅದಕ್ಕೆ ಬೇಕಾದಷ್ಟು ದಿನ ಕೊಡಿ.

ಮಧ್ಯಾಹ್ನದ ಹೊತ್ತಿಗೆ ಅವ್ವ ಸಿಕ್ಕಿದಳು. ಹೆಸರಿನಲ್ಲಿ ಒಂದಕ್ಷರ ತಪ್ಪು, ವಯಸ್ಸು ಐದು ವರ್ಷ ಕಮ್ಮಿ, ಪಕ್ಕದಲ್ಲಿ 'ಗಂಡ' ಅಂತ ಅಪ್ಪನ ಹೆಸರು. ಓದಿ ಹೇಳಿದೆ. ಅವರೆಕಾಯಿ ಬದಿಗಿಟ್ಟು "ಇನ್ಯಾರವ್ರೆ ಓದ್ಲಾ" ಅಂದಳು. ನಾನು ಒಂದೊಂದೇ ಹೆಸರು ಓದುತ್ತಾ ಹೋದೆ. "ಅವ್ನು ಹೋಗಿ ಎಂಟೊರ್ಸ ಆಯ್ತು. ಅವ್ಳು ಮಗ್ಳ ಮನೆ ಸೇರ್ಕಂಡವ್ಳೆ. ಅವ್ರು ಜಮೀನು ಮಾರಿ ಮೈಸೂರ್ಗೋದ್ರು. ಇವ್ನು ಅವ್ನೆ." ಹತ್ತು ನಿಮಿಷದಲ್ಲಿ ಇಡೀ ಪುಟ ಪರಿಷ್ಕರಣೆ ಆಯ್ತು. ಒಂದು ದಾಖಲೆಯೂ ಬೇಕಾಗಲಿಲ್ಲ.

ಆವತ್ತೇ ಊರಿನ ಪಟ್ಟಿಯಿಂದ ನನ್ನ ಹೆಸರು ತೆಗೆಯಲು ಫಾರಂ 7 ಹಾಕಿದೆ. ಅವ್ವನ ಹೆಸರು ಇಲ್ಲಿಗೆ ವರ್ಗಾಯಿಸುವ ಫಾರಂ 8 ಇನ್ನೂ ಅರ್ಧಕ್ಕೇ ನಿಂತಿದೆ. ಅವಳು ನನ್ನ ಜೊತೆ ಇದ್ದು ಆರು ವರ್ಷವಾಯ್ತು, ಕಾನೂನಿನ ಪ್ರಕಾರ ಅವಳ ಓಟು ಇಲ್ಲಿರಬೇಕು. ಆದರೆ ಊರಿನ ಬಿಎಲ್‌ಓಗೆ ಅವಳು ಯಾರು ಅಂತ ಗೊತ್ತು. ಇಲ್ಲಿ ನಮ್ಮ ಕೆಳಗಿನ ಮನೆಯವರಿಗೂ ಗೊತ್ತಿಲ್ಲ.