ತೋಳಳತೆಯ ಪಟ್ಟಿ

ಆಂಧ್ರದ ಕರ್ನೂಲು ಜಿಲ್ಲೆಯ ಕೌತಾಳಂ, ಕೋಸಿಗಿ ಕಡೆಯ ಕೂಲಿ ಕುಟುಂಬಗಳು ಮೆಣಸಿನಕಾಯಿ ಬಿಡಿಸಲು ಗುಂಟೂರಿನತ್ತ ಗುಳೆ ಹೋದರೆ ಮಕ್ಕಳೂ ಜೊತೆಗೇ ಹೊರಡುತ್ತವೆ. ಅಷ್ಟು ದಿನ ಅಂಗನವಾಡಿಯ ತೂಕವೂ ತಪ್ಪುತ್ತದೆ. ಮರಳಿ ಬಂದ ಕೂಸು ಎಷ್ಟು ಸೊರಗಿದೆ ಎಂದು ನೋಡಲು ನಾನು ತಕ್ಕಡಿಗಿಂತ ಹೆಚ್ಚು ಮೆಚ್ಚುವುದು ಮೂರು ಬಣ್ಣದ ಒಂದು ಪ್ಲಾಸ್ಟಿಕ್ ಪಟ್ಟಿಯನ್ನು.

ಎಡಗೈ ಮಡಚಿಸಿ, ಭುಜದ ತುದಿಗೂ ಮೊಣಕೈಗೂ ನಡುವೆ ಗುರುತು ಹಾಕಬೇಕು. ಆಮೇಲೆ ಕೈಯನ್ನು ಸಡಿಲವಾಗಿ ಇಳಿಬಿಡಿಸಿ ಪಟ್ಟಿ ಸುತ್ತಬೇಕು. ಬಿಗಿಯಾದರೂ ತಪ್ಪು, ಸಡಿಲವಾದರೂ ತಪ್ಪು. 12.5 ಸೆಂ.ಮೀ. ದಾಟಿದರೆ ಹಸಿರು, 11.5ಕ್ಕಿಂತ ಕಡಿಮೆ ಇದ್ದರೆ ಕೆಂಪು, ನಡುವಿನದು ಹಳದಿ. ಕೆಂಪೆಂದರೆ ತೀವ್ರ ಅಪೌಷ್ಟಿಕತೆ, ತಡಮಾಡುವಂತಿಲ್ಲ. ಅಕ್ಷರ ಬಾರದ ತಾಯಿಯೂ ಬಣ್ಣ ಓದಬಲ್ಲಳು.

ಈ ಪಟ್ಟಿಯ ಜಾಣತನ ಬೇರೆಯೇ ಇದೆ. ಒಂದರಿಂದ ಐದು ವರ್ಷದವರೆಗೆ ಆರೋಗ್ಯವಂತ ಮಗುವಿನ ತೋಳಿನ ಸುತ್ತಳತೆ ಅಷ್ಟೇನೂ ಬದಲಾಗದು. ಹಾಗಾಗಿ ಹುಟ್ಟಿದ ತಾರೀಕು ಗೊತ್ತಿಲ್ಲದಿದ್ದರೂ ನಡೆದೀತು. ಉಗಾಂಡದ ಮಕೆರೆರೆಯಲ್ಲಿ ಮಕ್ಕಳ ವೈದ್ಯ ಕಲಿಸುತ್ತಿದ್ದ ಡೆರಿಕ್ ಜೆಲಿಫ್ 1966ರ ತಮ್ಮ ಕೈಪಿಡಿಯಲ್ಲಿ ತೋಳಳತೆಗೆ ಜಾಗ ಕೊಟ್ಟರು. ನೈಜೀರಿಯಾದ ಹಳ್ಳಿಯಲ್ಲಿ ದುಡಿದಿದ್ದ ವೈದ್ಯ ಡೇವಿಡ್ ಮಾರ್ಲಿ, ಬಾಗ್ದಾದಿನ ಮಕ್ಕಳ ವೈದ್ಯ ಶಾಕಿರ್ ಜೊತೆಗೂಡಿ 1974ರಲ್ಲಿ ಬಣ್ಣದ ಪಟ್ಟಿಯ ಬಗ್ಗೆ ಬರೆದರು. ಹಳೇ ಎಕ್ಸ್‌ರೇ ಫಿಲ್ಮ್ ಕತ್ತರಿಸಿಯೂ ಅದನ್ನು ಮಾಡಿಕೊಳ್ಳುತ್ತಿದ್ದರು!

ಪಟ್ಟಿಗೊಂದು ಕುರುಡು ಉಂಟು: ಅಪೌಷ್ಟಿಕತೆಯಿಂದ ಬರುವ ಬಾವು ಅದಕ್ಕೆ ಕಾಣದು. ಅದಕ್ಕೇ ಬಲ್ಲ ಅಂಗನವಾಡಿ ಕಾರ್ಯಕರ್ತೆ ಎರಡೂ ಪಾದದ ಮೇಲೆ ಹೆಬ್ಬೆರಳೊತ್ತಿ, ಗುಳಿ ಉಳಿಯಿತೇ ಎಂದೂ ನೋಡುತ್ತಾಳೆ.