ಕಾವೇರಿಯ ಲೆಕ್ಕದಲ್ಲಿಲ್ಲದ ರಂಗನತಿಟ್ಟು

ಪಕ್ಷಿತಜ್ಞ ಸಲೀಂ ಅಲಿ ಬಂದರು, ಗೂಡುಗಳಿಂದ ತುಂಬಿದ್ದ ನಡುಗಡ್ಡೆಗಳನ್ನು ಕಂಡರು, ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟರು, 1940ರಲ್ಲಿ ಪಕ್ಷಿಧಾಮವಾಯಿತು. ರಂಗನತಿಟ್ಟಿನ ಈ ಕಥೆ ನಮಗೆಲ್ಲ ಬಾಯಿಪಾಠ. ಆ ಘೋಷಣೆ ಇಲ್ಲದಿದ್ದರೆ ಅಲ್ಲಿ ಇವತ್ತು ತೋಟವೋ ರೆಸಾರ್ಟೋ ಇರುತ್ತಿತ್ತು ಎಂಬುದರಲ್ಲಿ ನನಗೆ ಸಂಶಯವಿಲ್ಲ. ನನ್ನ ತಕರಾರಿರುವುದು ಕಥೆ ಬೆಳೆಸಿರುವ ನಂಬಿಕೆಯೊಂದಿಗೆ: 0.67 ಚದರ ಕಿಲೋಮೀಟರನ್ನು ಕಾದರೆ ಹಕ್ಕಿ ಉಳಿಯುತ್ತದೆ, ನೆರೆಯೇ ಅದರ ಶತ್ರು, ಹಾಗಾಗಿ ನಡುಗಡ್ಡೆಗಳ ಅಂಚು ಕಟ್ಟಿಬಿಡಬೇಕು. 2018 ಮತ್ತು 2019ರ ನೆರೆಗಳ ನಂತರ ಈ ಮಾತು ಇನ್ನಷ್ಟು ಬಲವಾಗಿದೆ.

ಈ ನಡುಗಡ್ಡೆಗಳೇನೂ ಮನುಷ್ಯನ ಕೈ ಸೋಕದ ಪ್ರಕೃತಿಯಲ್ಲ. ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ನಾಲೆಗೆ ನೀರು ತಿರುಗಿಸಲು ಕಾವೇರಿಗೆ ಅಡ್ಡಕಟ್ಟೆ ಕಟ್ಟಿದಾಗ ರೂಪುಗೊಂಡವು ಇವು. ಗದ್ದೆಗೆ ನೀರು ಕೊಟ್ಟ ಕಟ್ಟೆಯೇ ಹಕ್ಕಿಗೂ ನೆಲೆ ಕೊಟ್ಟಿತು. ಬೇಸಾಯವನ್ನೂ ವನ್ಯಜೀವಿಯನ್ನೂ ಬೇರೆಬೇರೆ ಇಲಾಖೆಗಳ ಕಡತಕ್ಕೆ ಹಂಚಿದವರು ನಾವು.

ಇನ್ನು ನೆರೆ. ಕಾವೇರಿ ಉಕ್ಕುವುದು ಹೊಸತಲ್ಲ. ಹಿಂದೆ ಉಕ್ಕಿದ ಹೊಳೆ ದಡ ಕೊರೆದಷ್ಟೇ ಸಹಜವಾಗಿ ಮರಳು, ಮೆಕ್ಕಲು ತಂದು ಹಾಕುತ್ತಲೂ ಇತ್ತು. ಈಗ ಮೇಲ್ಗಡೆ ಕನ್ನಂಬಾಡಿ ಕಟ್ಟೆ ಆ ಮೆಕ್ಕಲನ್ನು ತಡೆದು ನಿಲ್ಲಿಸುತ್ತದೆ. ಗೇಟಿನಿಂದ ಧುಮ್ಮಿಕ್ಕುವ ನೀರು ಕೊರೆಯುತ್ತದೆಯೇ ಹೊರತು ಕೊರೆದದ್ದನ್ನು ತುಂಬಿಕೊಡುವುದಿಲ್ಲ. ಮರಳು ಮೂಟೆ ಜೋಡಿಸುವುದು ತುರ್ತಿಗೆ ಸರಿ. ನಾನು ಅದನ್ನು ಬೇಡವೆನ್ನುವುದಿಲ್ಲ. ಆದರೆ ಅದನ್ನೇ ಸಂರಕ್ಷಣೆ ಎಂದು ಕರೆದರೆ ಕಾರಣವನ್ನು ಮುಟ್ಟದೆ ಗಾಯಕ್ಕೆ ಬಟ್ಟೆ ಸುತ್ತಿದಂತೆ.

ನೋಡುವ ಸುಖವನ್ನೂ ನಾವು ಇಷ್ಟೇ ಕಿರಿದು ಮಾಡಿಕೊಂಡಿದ್ದೇವೆ. ದೋಣಿ ಹತ್ತಿ, ಬಣ್ಣದ ಕೊಕ್ಕರೆಯ ಗೂಡಿಗೂ ಬಂಡೆಯ ಮೇಲಿನ ಮೊಸಳೆಗೂ ಕ್ಯಾಮೆರಾ ಹಿಡಿದು ಇಳಿದರೆ ಮುಗಿಯಿತು. ಅದೇ ದಿನ ನಾಲೆಯ ಏರಿಯ ಮೇಲೆ ನಿಂತು ಭತ್ತದ ಗದ್ದೆ ನೋಡಬೇಕು. ಬಾಯ್ಕಳಕ ಕೊಕ್ಕರೆ ಕೆಸರಿನಲ್ಲಿ ಕೊಕ್ಕಾಡಿಸಿ ಬಸವನಹುಳುವನ್ನು ಎತ್ತುತ್ತದೆ, ಚಿಪ್ಪನ್ನು ಅದುಮಿ ಹಿಡಿದು ಕೊಕ್ಕಿನ ಚೂಪು ತುದಿಯಿಂದ ಒಳಗಿನ ಮಾಂಸವನ್ನಷ್ಟೇ ಬಿಡಿಸಿ ನುಂಗುತ್ತದೆ. ಆ ಗದ್ದೆಗೆ ಎಂಥ ಕೀಟನಾಶಕ ಬೀಳುತ್ತದೆ, ಹಕ್ಕಿ ಮೇಯುವ ಕೆರೆ ಒತ್ತುವರಿಯಾಗಿದೆಯೇ ಎಂಬುದು ಪಕ್ಷಿಧಾಮದ ಹೊರಗಿನ ಪ್ರಶ್ನೆ ಹೇಗಾದೀತು? ಶಿಂಷಾ ಸಮೀಪದ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆಗಳು ಜನರ ಮನೆಯಂಗಳದ ಹುಣಸೆಮರಗಳಲ್ಲೇ ಗೂಡು ಕಟ್ಟಿಕೊಂಡು ಬಂದಿವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಬೇಲಿಯನ್ನೇ ನಂಬಿದವರು ಈ ಊರನ್ನು ಅಪವಾದವೆಂದು ಬದಿಗಿಡುತ್ತಾರೆ. ಹೊಳೆಬಯಲಿನ ಮಟ್ಟಿಗೆ ಅದೇ ಸಹಜ ಸ್ಥಿತಿ ಎಂದು ನಾನು ವಾದಿಸುತ್ತೇನೆ.

ಅಣೆಕಟ್ಟೆ ಅರಣ್ಯ ಇಲಾಖೆಯ ಕೈಯಲ್ಲಿಲ್ಲ, ಕುಡಿಯುವ ನೀರಿಗೇ ಜಗಳವಾಡುವ ನದಿಯಲ್ಲಿ ಹಕ್ಕಿಯ ಮಾತು ಯಾರು ಕೇಳುತ್ತಾರೆ ಎಂಬ ಆಕ್ಷೇಪ ಹಗುರವಾದದ್ದಲ್ಲ. ಆದರೂ ಕಾವೇರಿ ನ್ಯಾಯಮಂಡಳಿ 2007ರ ಐತೀರ್ಪಿನಲ್ಲೇ ಪರಿಸರಕ್ಕೆಂದು 10 ಟಿಎಂಸಿ ನೀರು ತೆಗೆದಿಟ್ಟಿದೆ. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಉಳಿಸಿಕೊಂಡಿತು. ಅಲ್ಲಿರುವುದು ಪ್ರಮಾಣ ಮಾತ್ರ. ರಂಗನತಿಟ್ಟಿನ ಹೊಳೆ ರೀವ ಎಂಬ ಹಕ್ಕಿಗೆ ಬೇಕಾದದ್ದು ಕಾಲದ ಲೆಕ್ಕ. ಬೇಸಿಗೆಯಲ್ಲಿ ನೀರಿಳಿದು ತೆರೆದ ಬಂಡೆ, ಮರಳಿನ ಮೇಲೆ ಅದು ಬರಿನೆಲದಲ್ಲೇ ಮೊಟ್ಟೆಯಿಡುತ್ತದೆ. ಒಂದು ರಾತ್ರಿ ಹರಿವು ದಿಢೀರನೆ ಏರಿದರೆ ಇಡೀ ಸಂತಾನ ತೇಲಿಹೋಗುತ್ತದೆ. ರಂಗನತಿಟ್ಟಿಗೆ 2022ರಲ್ಲಿ ಬಂದ, ಅಂತರರಾಷ್ಟ್ರೀಯ ಮಹತ್ವದ ಜೌಗುಪ್ರದೇಶವೆಂಬ ರಾಮ್ಸರ್ ಪಟ್ಟ ಈ ಹಕ್ಕಿಯ ಒಂದು ಗೂಡನ್ನೂ ಕಾಯಲಾರದು. ಫೆಬ್ರುವರಿಯಿಂದ ಮೇವರೆಗೆ ಬಿಡುವ ನೀರನ್ನು ಒಂದೇ ಸಲಕ್ಕೆ ನುಗ್ಗಿಸದೆ ದಿನಗಳ ಮೇಲೆ ಸಮವಾಗಿ ಹಂಚಿ ಬಿಡಲು ಹೆಚ್ಚುವರಿಯಾಗಿ ಒಂದು ಹನಿಯೂ ಬೇಕಿಲ್ಲ; ಗೇಟು ಎತ್ತುವವರ ವೇಳಾಪಟ್ಟಿ ತಯಾರಾಗುವ ಸಭೆಯಲ್ಲಿ ಪಕ್ಷಿಧಾಮದ ಅಧಿಕಾರಿಗೂ ಒಂದು ಕುರ್ಚಿ ಬೇಕು.